ಮಂಗಳೂರಿನ ಚಳಿಗಾಲ ಮತ್ತು ಮಾವನ ಗಾಳ

ಮಂಗಳೂರಿನಲ್ಲಿ ಚಳಿಗಾಲ ಎಂಬುದೊಂದು ಇದೆ ಎಂದು ಮನಸಾರೆ ನಂಬಿದ್ದವರು ಇಡೀ ಊರಿಗೆ ಒಬ್ಬರೇ. ಅವರು ನನ್ನ ಸೋದರಮಾವ! ಉಳಿದ ನಮಗೆಲ್ಲ ಗೊತ್ತಿದ್ದದ್ದು ಎರಡೇ ಕಾಲ: ಒಂದು ಮಳೆ, ಇನ್ನೊಂದು ಬೆವರು. ದೀಪಾವಳಿ ಕಳೆದ ಮೇಲೆ ಬೆಳಗಿನ ಜಾವ ಫ್ಯಾನಿನ ವೇಗವನ್ನು ಐದರಿಂದ ನಾಲ್ಕಕ್ಕೆ ಇಳಿಸಿದರೆ ನಮ್ಮ ಪಾಲಿಗೆ ಅದೇ ಹಿಮಾಲಯ. ಮಾವ ಮಾತ್ರ ಅದೇ ದಿನ ಟ್ರಂಕಿನ ಬೀಗ ತೆಗೆದು, ನುಸಿಗುಳಿಗೆಯ ವಾಸನೆಯ ದಪ್ಪ ಸ್ವೆಟರನ್ನೂ ಕಂದುಬಣ್ಣದ ಮಂಕಿ ಕ್ಯಾಪನ್ನೂ ಹೊರಗೆ ತೆಗೆಯುತ್ತಿದ್ದರು. ಮುಖದಲ್ಲಿ ಎರಡು ಕಣ್ಣು, ಒಂದು ಮೂಗು, ಅರ್ಧ ಮೀಸೆ ಮಾತ್ರ ಕಾಣುವಂತೆ ಟೋಪಿ ಏರಿಸಿ, ಸೈಕಲ್ಲಿಗೆ ಬಿದಿರಿನ ಗಾಳ ಕಟ್ಟಿದರೆ, ಶಿವರಾತ್ರಿಯವರೆಗೆ ನಮ್ಮ ಮನೆಯ ಮಾನ ದಿನಾ ಬೆಳಿಗ್ಗೆ ಆ ಸೈಕಲ್ಲಿನ ಹಿಂದೆ ಹೋಗುತ್ತಿತ್ತು.

ಮಾವ ಅಮ್ಮನ ಅಣ್ಣ. ಉತ್ತರದ ಕಡೆ ಒಂದು ದೊಡ್ಡ ಕೆರೆಯ ದಂಡೆಯ ಊರಿನಲ್ಲಿ ಇಪ್ಪತ್ತೈದು ವರ್ಷ ರೈಲ್ವೆ ಗುಮಾಸ್ತರಾಗಿದ್ದವರು. ಮದುವೆ ಆಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ನಿವೃತ್ತರಾಗಿ ಕೂಳೂರಿನಿಂದ ಸ್ವಲ್ಪ ಒಳಗಿದ್ದ ನಮ್ಮ ಮನೆಗೆ ಬಂದಾಗ, ಅವರ ಜೊತೆ ಬಂದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ಚಳಿಗಾಲದಲ್ಲಿ ಕೆರೆಮೀನು ಹಿಡಿಯುವ ಶಾಸ್ತ್ರ. ಆ ಶಾಸ್ತ್ರ ಕಲಿತದ್ದು ಹಲ್ಲು ಕಟಕಟ ಎನ್ನುವ ಚಳಿಯ ಊರಿನಲ್ಲಿ. ಅದನ್ನು ಪ್ರಯೋಗಿಸಿದ್ದು ಎಲ್ಲಿ? ಡಿಸೆಂಬರಿನಲ್ಲೂ ಬನಿಯನ್ ಒದ್ದೆಯಾಗುವ ನಮ್ಮೂರಿನಲ್ಲಿ!

ಅದೂ ಹೋಗಲಿ ಎಂದರೆ, ನಮ್ಮದು ಊಟದ ಹೋಟೆಲಿನ ಮನೆತನ. ಅಪ್ಪನ ಹೋಟೆಲಿನ ಅಂಜಲ್ ಮೀನಿನ ಫ್ರೈ ತಿನ್ನಲು ತೊಕ್ಕೊಟ್ಟಿನಿಂದ ಜನ ಸೇತುವೆ ದಾಟಿ ಬರುತ್ತಿದ್ದರು. ಬೆಳಗಾದರೆ ಬಂದರಿನಿಂದ ಬುಟ್ಟಿಗಟ್ಟಲೆ ಬಂಗುಡೆ ಬಂದಿಳಿಯುವ ಮನೆಯ ಯಜಮಾನಿತಿಯ ಅಣ್ಣ ಕೆರೆಯ ಕೆಸರಿನಲ್ಲಿ ಮುಗುಡು ಮೀನು ಹುಡುಕುವುದೆಂದರೆ! ಕಡಲಮೀನು ತಿನ್ನುವವರಿಗೆ ಕೆರೆಮೀನೆಂದರೆ ಮೂಗು ಮುರಿಯುವ ವಸ್ತು. ಒಂದು ದಿನ ಹಳೆಯ ಗಿರಾಕಿಯೊಬ್ಬರು ತಟ್ಟೆಯನ್ನು ಮೂಸಿ ನೋಡಿ, "ಧಣಿ, ಇದು ಅಂಜಲೇ ತಾನೇ? ನಿಮ್ಮ ಭಾವ ಹಿಡಿದದ್ದಲ್ಲವಲ್ಲ?" ಎಂದು ಕೇಳಿಯೇಬಿಟ್ಟರು. ಅಪ್ಪ ಅಂದು ರಾತ್ರಿ ಊಟ ಮಾಡಲಿಲ್ಲ. ಮಾವ ಎರಡು ಸಲ ಬಡಿಸಿಕೊಂಡರು.

ಶಾಸ್ತ್ರವೇನು ಸಾಮಾನ್ಯದ್ದೇ? ಚಳಿಯಲ್ಲಿ ಮೀನು ಆಳದಲ್ಲಿ ಮಲಗಿರುತ್ತದೆಯಂತೆ. ಆದ್ದರಿಂದ ಕತ್ತಲಲ್ಲೇ ಓಡಬಾರದು, ಬಿಸಿಲು ಏರಿದ ಮೇಲೆ ಕೂರಬೇಕು. ಮೂಡಣ ಗಾಳಿ ಬೀಸಿದರೆ ಮೇಲಿನ ಬೆಚ್ಚಗಿನ ನೀರು ಪಡುದಂಡೆಗೆ ಸರಿಯುತ್ತದೆ, ಕೂರುವುದಾದರೆ ಅಲ್ಲೇ. ದಾರ ಸಪೂರ ಇರಬೇಕು, ಎರೆಹುಳು ಸಣ್ಣದಿರಬೇಕು. "ಬೆಂಡು ಮುಳುಗಿತು ಅಂತ ಕೂಡಲೇ ಎಳೆಯಬಾರದು ಮಾರಾಯ್ತಿ," ಎಂದು ನನಗೆ ಪಾಠ ಬೇರೆ. "ಚಳಿಯಲ್ಲಿ ಮೀನಿಗೂ ಉದಾಸೀನ. ಬಾಯಿಗೆ ಹಾಕಿಕೊಂಡು ಯೋಚನೆ ಮಾಡ್ತದೆ. ಹತ್ತು ಎಣಿಸು, ಮತ್ತೆ ಎಳೆ."

ನೀರಿನ ಉಷ್ಣತೆ ನೋಡದೆ ಗಾಳ ಹಾಕುವುದು ಮೂರ್ಖತನ ಎಂದು ಅವರ ಮತ. ಅದಕ್ಕೆ ಅವರು ಒಯ್ಯುತ್ತಿದ್ದದ್ದು ಮನೆಯ ಜ್ವರದ ಥರ್ಮಾಮೀಟರು! ಜ್ವರ ನೋಡುವ ಕಡ್ಡಿಗೆ ಕೆರೆಯ ತಂಪು ಎಲ್ಲಿಂದ ತಿಳಿಯಬೇಕು? ಪಾದರಸ ಅಲ್ಲಾಡದೆ ಕೆಳಗೇ ಕುಳಿತಿರುತ್ತಿತ್ತು. ಮಾವ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ನಾರ್ಮಲ್‌ಗಿಂತ ಕಡಿಮೆ ಉಂಟು," ಎಂದು ಗಂಭೀರವಾಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಇದು ಮನೆಯಲ್ಲಿ ಗೊತ್ತಾದದ್ದು ನನಗೆ ಫ್ಲೂ ಬಂದು ಮೂರು ದಿನ ಆ ಥರ್ಮಾಮೀಟರು ನನ್ನ ನಾಲಿಗೆಯಡಿ ಇದ್ದ ನಂತರ.

ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದು ಎಂಬ ಪದ್ಧತಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ತಿಳಿಯಲೇಬೇಕಿದ್ದರೆ "ದೂರವಾ?" ಎಂದು ಮೆಲ್ಲಗೆ ವಿಚಾರಿಸುತ್ತೇವೆ. ಮಾವನ ಮಟ್ಟಿಗೆ ಅದು ಪದ್ಧತಿಯಲ್ಲ, ಕಾನೂನು. ಯಾರಾದರೂ ಎಲ್ಲಿಗೆ ಎಂದರೋ, ಸೈಕಲ್ ತಿರುಗಿಸಿ ಮನೆಗೆ ಬಂದು, ಕಾಲು ತೊಳೆದು, ಜಗಲಿಯ ಕುರ್ಚಿಯಲ್ಲಿ ಕುಳಿತುಬಿಡುತ್ತಿದ್ದರು. ಆ ದಿನದ ಬೇಟೆ ಮುಗಿಯಿತು. ನಾನು ಶಾಲೆಯಲ್ಲಿದ್ದ ಕಾಲದಲ್ಲಿ ಒಂದು ರಜಾದಿನ ತಮಾಷೆಗೆ ಬಾಗಿಲಿನಿಂದ ಕೂಗಿದ್ದೆ. ಅಂದು ಅವರು ಮಧ್ಯಾಹ್ನದವರೆಗೆ ಟೋಪಿ ಸಹಿತ ಕುಳಿತು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಕಾಲೇಜಿಗೆ ಹೋಗತೊಡಗಿದ ಮೇಲೆ ತಮಾಷೆ ಹೋಗಿ ನಾಚಿಕೆ ಬಂತು. ಬಸ್ಸು ಕೆರೆಯ ಪಕ್ಕದಲ್ಲೇ ಹಾದು ಹೋಗುತ್ತಿತ್ತು. "ನೋಡೇ, ಯಾರೋ ಕಾಶ್ಮೀರದವ ಕೂತಿದ್ದಾನೆ!" ಎಂದು ಗೆಳತಿ ಕಿಟಕಿಯಿಂದ ಬೆರಳು ಮಾಡಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ಮಾವ ಬಸ್ಸಿನ ಸದ್ದಿಗೆ ತಲೆಯೆತ್ತಿ, ನನ್ನನ್ನು ಕಂಡು, ಕೈ ಎತ್ತಿದರು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿದೆ. ಆ ಪಟ್ಟಿಗೆ ಏನೂ ಆಗಿರಲಿಲ್ಲ. ಮರುದಿನದಿಂದ ಮಾವ ಬಸ್ಸಿನ ಸದ್ದಿಗೆ ತಲೆಯೆತ್ತುವುದನ್ನು ಬಿಟ್ಟರು.

ಇಷ್ಟಾದ ಮೇಲೆ ನನ್ನನ್ನು ನೋಡಲು ತೊಕ್ಕೊಟ್ಟಿನ ಕಡೆಯಿಂದ ಗಂಡಿನವರು ಬರುವ ಭಾನುವಾರ ಬಂತು. ಒಳ್ಳೆಯ ಸಂಬಂಧ. ಹುಡುಗ ಬ್ಯಾಂಕಿನಲ್ಲಿದ್ದ. ನಮ್ಮ ಮಾತೃಮೂಲದ ಮನೆಗಳಲ್ಲಿ ಹುಡುಗಿಯ ಸೋದರಮಾವ ಎಂದರೆ ಮದುವೆ ಮಾತಿಗೆ ಅಪ್ಪನಿಗಿಂತ ಒಂದು ಕೈ ಮೇಲೆ. ಸಂಬಂಧ ಗಟ್ಟಿಮಾಡುವ ವೀಳ್ಯ ಕೊಡುವವರು ಅವರೇ. ಮಾವ ಅಂದು ಬೆಳಿಗ್ಗೆ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಕಾದಿದ್ದರು, ಆದರೆ ಪಂಚೆಯ ಮೇಲೆ ಸ್ವೆಟರು! ಗಂಡಿನವರ ಎದುರು ಇವರು ಎರೆಹುಳುವಿನ ವಿಷಯ ತೆಗೆದರೆ? ಥರ್ಮಾಮೀಟರು ತೋರಿಸಿದರೆ?

ಅಮ್ಮ ಏನೂ ಹೇಳಿರಲಿಲ್ಲ, ಅಪ್ಪನೂ ಹೇಳಿರಲಿಲ್ಲ. ನಾನೇ ಹತ್ತಿರ ಹೋಗಿ, ಅವರ ಶಾಸ್ತ್ರವನ್ನೇ ಅವರ ಮೇಲೆ ಬಿಟ್ಟೆ.

"ಮಾವ, ಮೂಡಣ ಗಾಳಿ ಉಂಟು. ಬಿಸಿಲೂ ಒಳ್ಳೆಯದುಂಟು. ಪಡುದಂಡೆಯಲ್ಲಿ ಮೀನು ಕಚ್ಚಬಹುದಲ್ಲ?"

ಮಾವ ನನ್ನ ಮುಖ ನೋಡಿದರು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. "ಹೌದು ಮಗಾ, ಇವತ್ತು ಬಿಟ್ಟರೆ ಸಿಕ್ಕುವುದಿಲ್ಲ," ಎಂದು ಎದ್ದು ಟೋಪಿ ಹಾಕಿಕೊಂಡರು.

ಹತ್ತು ಗಂಟೆಗೆ ಅಂಬಾಸಿಡರ್ ಕಾರು ಬಂತು. ಉಪ್ಪಿಟ್ಟು, ಕಾಫಿ, ನನ್ನ ತಗ್ಗಿಸಿದ ತಲೆ, ಎಲ್ಲ ಸುಸೂತ್ರ. ಹುಡುಗನ ತಾಯಿ, "ಹುಡುಗಿಯ ಮಾವ ಎಲ್ಲಿ? ಅವರನ್ನು ಕಾಣಲಿಲ್ಲವಲ್ಲ?" ಎಂದರು. ಅಪ್ಪ ಅಮ್ಮನನ್ನು ನೋಡಿದರು, ಅಮ್ಮ ಕಾಫಿ ಲೋಟ ನೋಡಿದರು. "ಬೊಂಬಾಯಿಗೆ ಹೋಗಿದ್ದಾರೆ," ಎಂದ ಸ್ವರ ನನ್ನದೇ.

ಆಗ ಹುಡುಗನ ತಂದೆ ನಗುತ್ತಾ ಶುರುಮಾಡಿದರು: "ನಿಮ್ಮ ಊರಿನಲ್ಲಿ ಒಬ್ಬರು ಇದ್ದಾರೆ ಮಾರಾಯ್ರೆ! ಕೆರೆಯ ಹತ್ತಿರ ದಾರಿ ತಪ್ಪಿತು. ರಸ್ತೆ ಬದಿಯಲ್ಲೇ ಮಂಕಿ ಕ್ಯಾಪ್ ಹಾಕಿ ಕೂತಿದ್ದರು. ಎದ್ದು ಬಂದು ದಾರಿ ತೋರಿಸಿದರು. ಆ ಮನೆಯವರ ಗುರ್ತ ಉಂಟಾ ಅಂತ ಕೇಳಿದೆ. 'ಹುಡುಗಿಯನ್ನು ಸಣ್ಣದಿರುವಾಗಿಂದ ನೋಡಿದ್ದೇನೆ, ಬಂಗಾರದಂಥ ಮಗು, ಏನೂ ವಿಚಾರಿಸುವುದು ಬೇಡ,' ಅಂದರು. ನೀವು ಅವರಿಗೆ ಎಂತ ಆಗ್ಬೇಕು ಅಂತ ಕೇಳಿದ್ದಕ್ಕೆ, 'ಎಂತದೂ ಇಲ್ಲ, ನಾನು ಇಲ್ಲಿ ಮೀನು ಹಿಡಿಯುವವ,' ಅಂದರು. ಒಳ್ಳೆ ಜನ. ಆದ್ರೆ ಈ ಸೆಕೆಗೆ ಸ್ವೆಟರ್ ಎಂತದಕ್ಕೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇವತ್ತಿಗೂ ನನಗೆ ಹೇಸಿಗೆ ತರುವ ನಗು ಅದೊಂದೇ.

ಮಧ್ಯಾಹ್ನ ಮಾವ ಹಿಂಬಾಗಿಲಿನಿಂದ ಬಂದರು. "ಸಿಕ್ಕಿತಾ ಮಾವ?" ಎಂದೆ, ಅವರ ಕಣ್ಣು ತಪ್ಪಿಸಿ. "ಇಲ್ಲ ಮಾರಾಯ್ತಿ, ನೀರು ತುಂಬ ತಣ್ಣಗೆ." ಬಂದ ಕೂಡಲೇ ದಾರವನ್ನು ಬಾವಿಯ ನೀರಲ್ಲಿ ತೊಳೆದು ಒಣಗಿಸುವುದು ಅವರ ಕ್ರಮ. ಅಂದು ನಾನೇ ತೊಳೆಯುತ್ತೇನೆಂದು ಗಾಳ ಇಸಿದುಕೊಂಡೆ. ದಾರ ಒಣಗಿಯೇ ಇತ್ತು. ಡಬ್ಬಿಯಲ್ಲಿ ಎರೆಹುಳುಗಳೇ ಇರಲಿಲ್ಲ, ಅಗೆದೇ ಇರಲಿಲ್ಲ. ಪಡುದಂಡೆ ಬಿಟ್ಟು ರಸ್ತೆಯ ಬದಿಯಲ್ಲಿ ಅವರು ಏಕೆ ಕುಳಿತಿದ್ದರೆಂದು ಆಗ ಹೊಳೆಯಿತು. ಕಾರು ಹೋಗುವುದನ್ನಾದರೂ ನೋಡಬೇಕಿತ್ತು ಅವರಿಗೆ. ನಾನು ಆ ಒಣ ದಾರವನ್ನು ಎರಡು ಸಲ ತೊಳೆದೆ.

ಸಂಬಂಧ ಕುದುರಿತು. ಮುಂದಿನ ಭಾನುವಾರವೇ ವೀಳ್ಯ ಎಂದಾಯಿತು. "ಅಣ್ಣ, ವೀಳ್ಯ ನೀವೇ ಕೊಡಬೇಕಲ್ಲ," ಎಂದರು ಅಮ್ಮ. ಬೊಂಬಾಯಿಯ ಮಾತು ಮಾವನ ಕಿವಿಗೂ ಬಿದ್ದಿತ್ತು. ಅವರು ಜೋರಾಗಿ ನಕ್ಕರು. "ಅದು ಹೇಗೆ? ನಾನು ಬೊಂಬಾಯಿಯಲ್ಲಿ ಇದ್ದೇನಲ್ಲ! ನಮ್ಮ ದೊಡ್ಡಮ್ಮನ ಮಗ ಕೊಡಲಿ, ಅವನೂ ಇವಳಿಗೆ ಮಾವನೇ ಅಲ್ವಾ." ಯಾರೂ ನಗಲಿಲ್ಲ. ನಾನು ಮಾತಾಡಬೇಕಿತ್ತು, ಲೋಟ ಎತ್ತಿಕೊಂಡು ಒಳಗೆ ಹೋದೆ. ಕೆರೆಯ ಹತ್ತಿರ ಕಂಡವರು ಇವರೇ ಎಂದು ಗಂಡಿನವರಿಗೆ ತಿಳಿದು ಸುಳ್ಳು ಹೊರಬಿದ್ದರೆ ಸಂಬಂಧವೇ ಮುರಿಯಬಹುದು ಎಂಬ ಹೆದರಿಕೆ ಬೇರೆ.

ಆ ಭಾನುವಾರ ಒಂಬತ್ತು ಗಂಟೆಗೆ, ಜಗಲಿಯಲ್ಲಿ ಚಾಪೆ ಹಾಸುತ್ತಿರುವಾಗ, ಮಾವ ಸದ್ದಿಲ್ಲದೆ ಸೈಕಲ್ ದೂಡಿಕೊಂಡು ಗೇಟಿನ ಹತ್ತಿರ ಹೋಗಿದ್ದರು. ಸ್ವೆಟರು, ಟೋಪಿ, ಗಾಳ. ನನಗೆ ಏನನ್ನಿಸಿತೋ, ರೇಷ್ಮೆ ಸೀರೆಯನ್ನು ಎತ್ತಿ ಹಿಡಿದು ಅಂಗಳಕ್ಕೆ ಓಡಿದೆ. ಇಡೀ ಕೇರಿಗೆ ಕೇಳುವಂತೆ ಕೂಗಿದೆ.

"ಮಾವಾ, ಎಲ್ಲಿಗೆ?"

ಮಾವ ನಿಂತರು. ತಿರುಗಲಿಲ್ಲ. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಏಳಕ್ಕೆ ಬಂದಾಗ ಸೈಕಲ್ಲಿನ ಚಕ್ರ ಹಿಂದಕ್ಕೆ ತಿರುಗಿತು.

"ನಿನ್ನ ಬಾಯಿಗೆ ಬೀಗ ಹಾಕ! ಇವತ್ತಿನ ಮೀನು ಹೋಯ್ತಲ್ಲ ಮಾರಾಯ್ತಿ!" ಎಂದು ಗೊಣಗುತ್ತಾ ಬಂದು ಕಾಲು ತೊಳೆದು, ಕಾನೂನಿನ ಪ್ರಕಾರ ಜಗಲಿಯ ಕುರ್ಚಿಯಲ್ಲಿ ಕುಳಿತರು. ಅಷ್ಟರಲ್ಲಿ ಕಾರು ಬಂದೇಬಿಟ್ಟಿತು. ಹುಡುಗನ ತಂದೆ ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿದ್ದವರನ್ನು ಕಂಡು, ಹಾಗೇ ನಿಂತರು.

"ಇವರು ನನ್ನ ಮಾವ," ಎಂದೆ. "ಬೊಂಬಾಯಿಗೆ ಹೋಗಿರಲಿಲ್ಲ. ನಾನು ಸುಳ್ಳು ಹೇಳಿದ್ದು. ವೀಳ್ಯ ಇವರೇ ಕೊಡ್ತಾರೆ."

ಹುಡುಗನ ತಂದೆ ನನ್ನನ್ನು ನೋಡಿದರು, ಮಾವನನ್ನು ನೋಡಿದರು. ಮತ್ತೆ ಚಪ್ಪಲಿ ಕಳಚಿಟ್ಟು, ಮಾವನ ಪಕ್ಕದಲ್ಲೇ ಬಂದು ಕುಳಿತರು. ಮಾವ ಗಡಿಬಿಡಿಯಿಂದ ಟೋಪಿ ತೆಗೆಯಲು ಕೈ ಎತ್ತಿದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ನಾನು ಆ ಕೈ ಹಿಡಿದೆ.

"ಇರಲಿ ಮಾವ," ಎಂದೆ, "ಚಳಿ ಉಂಟು."