ಐದನೇ ಮಹಡಿಯ ಕಳ್ಳರು

ತೊಂದರೆಗೆಲ್ಲ ಮೂಲ ಒಂದು ಲಿಫ್ಟು. ಅದೂ ನಿಜವಾದ ಲಿಫ್ಟಲ್ಲ, ವಿಡಿಯೋ ಗೇಮಿನೊಳಗಿನ ಲಿಫ್ಟು. ಪಾರ್ಸೆಲ್ ಹೊತ್ತ ಬಡಪಾಯಿಯೊಬ್ಬ ನಾಯಿ, ಕಾವಲುಗಾರ, ಬಾಗಿಲಲ್ಲೇ ನಿಂತು ಹರಟುವ ಹೆಂಗಸರು, ಎಲ್ಲರನ್ನೂ ದಾಟಿ ಹನ್ನೆರಡನೇ ಮಹಡಿ ಮುಟ್ಟಬೇಕು. ಅಷ್ಟೇ ಆಟ. ದುಡ್ಡು ಕೊಟ್ಟು ಕೊಂಡವರು ಮುಟ್ಟುತ್ತಾರೆ. ಪುಕ್ಕಟೆ ಕಳ್ಳಪ್ರತಿ ಇಳಿಸಿಕೊಂಡವರ ಲಿಫ್ಟು ಐದನೇ ಮಹಡಿಯಲ್ಲಿ ಕೆಟ್ಟು ನಿಲ್ಲುತ್ತದೆ. ನಿಲ್ಲದೆ ಏನು ಮಾಡೀತು? ಲಿಫ್ಟು ಕೆಡಿಸಿದ ಒಂದು ಪ್ರತಿಯನ್ನು ಕಂಪನಿಯವರೇ ತಯಾರಿಸಿ, ಕಳ್ಳರಿಗಿಂತ ಮೊದಲೇ ಕಳ್ಳರ ವೆಬ್‌ಸೈಟಿನಲ್ಲಿ ಇಟ್ಟು ಬಂದಿದ್ದರು.

ಈ ಉಪಾಯ ಯಜಮಾನರದು. ಅವರು ಅದನ್ನು ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದರು.

ಕಂಪನಿ ಅಂದರೆ ಮೂರು ಕೋಣೆ, ಏಳು ಜನ, ಒಂದು ನೀರಿನ ಫಿಲ್ಟರು. ಬಾಗಿಲ ಪಕ್ಕದ ಕುರ್ಚಿ ಗ್ರಾಹಕರ ಫೋನು ಎತ್ತುವವನದು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಹಲೋರಾಯ. ಮೂರು ವರ್ಷದಿಂದ ಕೆಲಸ ಖಾಯಂ ಆಗಿರಲಿಲ್ಲ. ಇದ್ದದ್ದು ಮಾವನ ಮನೆಯಲ್ಲಿ. ಮಾವ ನಿವೃತ್ತ ರೈಲ್ವೆ ಗಾರ್ಡು. ಒಂದು ದಿನವೂ ಅಳಿಯನನ್ನು ಹಂಗಿಸಿದವರಲ್ಲ, ಆದರೆ ಪ್ರತಿ ಬೆಳಿಗ್ಗೆ ಪೇಪರಿನ ಮೇಲಿಂದ ಕಣ್ಣೆತ್ತಿ ಒಮ್ಮೆ ನೋಡುತ್ತಿದ್ದರು. ಆ ನೋಟಕ್ಕೆ ಬೈಗುಳವೇ ವಾಸಿ ಎಂದು ಹಲೋರಾಯನಿಗೆ ಅನಿಸುತ್ತಿತ್ತು.

ಆ ದಿನ ಯಜಮಾನರು ಬಂದವರೇ ಜೇಬಿನಿಂದ ಒಂದು ಕಾಗದ ತೆಗೆದು ಬಿಡಿಸಿ ತೋರಿಸಿದರು. ಖಾಯಂ ಆದೇಶ. ಸಹಿಯ ಜಾಗ ಮಾತ್ರ ಖಾಲಿ.

"ಲಿಫ್ಟ್ ನಿಂತಿದೆ ಅಂತ ಯಾರು ಫೋನ್ ಮಾಡ್ತಾರೋ ಅವರು ಕಳ್ಳರು. ಚಳಿ ಬಿಡಿಸಿ, ಅಸಲಿ ಪ್ರತಿ ಕೊಳ್ಳೋ ಹಾಗೆ ಮಾಡಿ. ಸಂಜೆಯೊಳಗೆ ಮೂವತ್ತು ಜನ ಆದ್ರೆ ಸಹಿ ಹಾಕ್ತೀನಿ. ಆಗ್ಲಿಲ್ವಾ, ನಾಳೆಯಿಂದ ಬರೋದು ಬೇಡ."

ಹಲೋರಾಯ ಎರಡು ಸಲ ಹೋಗಿ ನೀರು ಕುಡಿದು ಬಂದ. ಮೂರನೆಯ ಸಲ ಏಳುವಷ್ಟರಲ್ಲಿ ಫೋನು ಬಡಿದುಕೊಂಡಿತು.

ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು. ಮೊಣಕಾಲು ಆಪರೇಷನ್ ಆಗಿ ಮನೆಯಲ್ಲೇ ಇದ್ದಾರಂತೆ, ಹೊತ್ತು ಹೋಗಲಿ ಅಂತ ಆಡಲು ಶುರುಮಾಡಿದರಂತೆ, ಲಿಫ್ಟು ಐದರಲ್ಲಿ ನಿಂತಿದೆಯಂತೆ. ಹಲೋರಾಯ ಗಂಟಲು ಸರಿಮಾಡಿಕೊಂಡು, ಇದು ಕದ್ದ ಪ್ರತಿ ಎಂದ. ಆಕೆ ಇಲ್ಲಪ್ಪ, ಕೊಂಡದ್ದು ಎಂದರು. ಎಲ್ಲ ಕಳ್ಳರೂ ಹಾಗೇ ಹೇಳುವುದು ಅಂತ ಯಜಮಾನರು ಮೊದಲೇ ಹೇಳಿಕೊಟ್ಟಿದ್ದರಲ್ಲ. ಮಕ್ಕಳಿಗೆ ಪಾಠ ಹೇಳಿದವರು ಹೀಗೆ ಮಾಡಬಹುದೇ ಎಂದು ಕೇಳಿಯೇ ಬಿಟ್ಟ. ಆಕೆ, ನನ್ನಿಂದಲೇ ಏನೋ ತಪ್ಪಾಗಿರಬಹುದು, ಇನ್ನೊಂದು ಕೊಳ್ಳುತ್ತೇನೆ ಎಂದು ಫೋನಿಟ್ಟರು.

ಒಂದಾಯಿತು. ಹಲೋರಾಯನಿಗೆ ಒಳಗೊಳಗೇ ನಾಚಿಕೆಯಾಯಿತು, ಆದರೆ ಇಪ್ಪತ್ತೊಂಬತ್ತು ಬಾಕಿ ಇರುವಾಗ ನಾಚಿಕೆಗೆ ಪುರುಸೊತ್ತೆಲ್ಲಿ? ಆಮೇಲೆ ಫೋನಿಗೆ ಬಿಡುವೇ ಇಲ್ಲ. ಒಬ್ಬ ದಂತವೈದ್ಯ, ಒಬ್ಬ ಬಸ್ ಡ್ರೈವರು, ಹೊಸದಾಗಿ ಮದುವೆಯಾದ ಜೋಡಿ. ಎಲ್ಲರ ಜನ್ಮ ಜಾಲಾಡಿದ. ಕೆಲವರು ಜಗಳಕ್ಕೇ ಬಂದರು, ಕೆಲವರು ಅತ್ತರು, ಬಹುಪಾಲು ಜನ ಮರ್ಯಾದೆಗೆ ಅಂಜಿ ಕೊಂಡರು.

ಅವನ ಹಿಂದೆ ನಿಂತು ಇಬ್ಬರು ಸಹೋದ್ಯೋಗಿಗಳು ಬೇರೆ ಮೂಗು ತೂರಿಸುತ್ತಿದ್ದರು. ಕದಿಯುವವರು ಹೇಗೂ ಕೊಳ್ಳುತ್ತಿರಲಿಲ್ಲ, ಆದ್ದರಿಂದ ಮಾರಾಟಕ್ಕೆ ನಷ್ಟವಿಲ್ಲ, ಸುಮ್ಮನೆ ಪ್ರಚಾರ ಸಿಗುತ್ತದೆ ಎಂದು ಪ್ರೋಗ್ರಾಮರನ ವಾದ. ಚಿತ್ರ ಬರೆಯುವಾಕೆಗೆ ಮೈಯೆಲ್ಲ ಉರಿ. ಆ ನಾಯಿಯ ಬಾಲ ಒಂದನ್ನೇ ಹದಿನೈದು ದಿನ ಬರೆದವಳು ಅವಳು. ಫೋನಿನಲ್ಲಿ ಗ್ರಾಹಕ ಅಳುತ್ತಿದ್ದರೂ ಇವರ ಜಗಳ ನಿಲ್ಲಲಿಲ್ಲ.

ಊಟದ ಹೊತ್ತಿಗೆ ಮಾವನ ಫೋನು ಬಂತು. ಎಂದೂ ಮಾಡಿದವರಲ್ಲ. ಅಳಿಯನ ಕಂಪನಿಯ ಆಟ ಹಾಕಿಕೊಂಡಿದ್ದಾರಂತೆ, ಒಂಬತ್ತನೇ ಮಹಡಿಯಲ್ಲಿದ್ದಾರಂತೆ, ನಾಯಿ ಬಹಳ ಚೆನ್ನಾಗಿದೆಯಂತೆ. ಹಲೋರಾಯನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಲಿಫ್ಟು ನಿಂತಿಲ್ಲ ಅಂದ ಮೇಲೆ ಮಾವ ಕೊಂಡೇ ಆಡುತ್ತಿದ್ದಾರೆ. ಆ ಖುಷಿಯಲ್ಲಿ ಅವನು ಬೆಳಗಿನಿಂದ ಹಿಡಿದ ಕಳ್ಳರ ಕತೆಯನ್ನೆಲ್ಲ ಊದಿ ಹೇಳಿ, "ದುಡ್ಡು ಕೊಡದೆ ಆಡೋರು ನಮ್ಮ ಅನ್ನ ಕಿತ್ಕೊಂಡ ಹಾಗೆ ಮಾವ" ಎಂದ. ಮಾವ ಹೂಂ ಅಂದರು. ಊಟಕ್ಕೆ ಕರೆಯುತ್ತಿದ್ದಾರೆ ಎಂದು ಫೋನಿಟ್ಟರು.

ಮೂರು ಗಂಟೆಗೆ ಇಪ್ಪತ್ನಾಲ್ಕು. ನಾಲ್ಕಕ್ಕೆ ಇಪ್ಪತ್ತೊಂಬತ್ತು. ಆಮೇಲೆ ಫೋನು ಸತ್ತಂತೆ ಬಿದ್ದುಕೊಂಡಿತು. ಹಲೋರಾಯ ಕುರ್ಚಿಯಿಂದ ಫಿಲ್ಟರಿಗೆ, ಫಿಲ್ಟರಿನಿಂದ ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ ಬಾಲ ಸುಟ್ಟ ಬೆಕ್ಕಿನಂತೆ ತಿರುಗಿದ. ಫೋನಿನ ವಯರು ಸರಿಯಾಗಿದೆಯೇ ಎಂದು ಎಳೆದು ನೋಡಿದ.

ಆಗ ಬಾಗಿಲು ತೆರೆದು ಕೋಲೂರಿಕೊಂಡು ಒಬ್ಬ ಹಿರಿಯ ಹೆಂಗಸು ಒಳಗೆ ಬಂದರು. ಬಂದು ಮೇಜಿನ ಮೇಲೆ ಒಂದರ ಪಕ್ಕ ಒಂದು ಮೂರು ರಸೀದಿ ಜೋಡಿಸಿದರು. ಮೊದಲನೆಯದು ಆಟ ಬಿಡುಗಡೆಯಾದ ದಿನದ್ದು. ಉಳಿದೆರಡು ಇವತ್ತಿನವು.

"ಬೆಳಿಗ್ಗೆ ಫೋನ್ ಮಾಡಿದ ಹೆಡ್‌ಮಿಸ್ಟ್ರೆಸ್ ನಾನೇ. ಎರಡನೇದೂ ಐದರಲ್ಲೇ ನಿಂತುಬಿಡ್ತು. ನಿಮ್ಮ ಹತ್ರ ಮತ್ತೆ ಕಳ್ಳಿ ಅನ್ನಿಸ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ, ಅದಕ್ಕೇ ಸುಮ್ನೆ ಮೂರನೇದು ಕೊಂಡೆ. ಅದೂ ನಿಂತಿದೆ. ನೀವೇ ಹೇಳಿ, ಎಷ್ಟು ಕೊಂಡ್ರೆ ಬಾಗಿಲು ತೆಗೀತೀರಿ?"

ಹಲೋರಾಯನ ಮುಖ ಇಂಗು ತಿಂದ ಮಂಗನಂತಾಯಿತು. ಪ್ರೋಗ್ರಾಮರ್ ಓಡಿ ಬಂದು ಕಂಪ್ಯೂಟರಿನಲ್ಲಿ ತಡಕಾಡಿದ. ಎರಡು ಪ್ರತಿಗಳಿದ್ದವು: ಒಂದರ ಹೆಸರು ಫೈನಲ್, ಇನ್ನೊಂದರದು ಹೊಸ ಫೈನಲ್. ಯಾವುದು ಎಲ್ಲಿಗೆ ಎಂದು ಅವನು ಬರೆದೇ ಇಟ್ಟಿದ್ದ. ಆದರೆ ಕೈಗುಣ ಒಳ್ಳೆಯದೆಂದು ಬಿಡುಗಡೆಯ ಬಟನನ್ನು ಯಜಮಾನರೇ ಒತ್ತುವುದು ಆ ಕಂಪನಿಯ ಪದ್ಧತಿ. ಅವರು ಒತ್ತಿದ್ದರು. ಕೆಟ್ಟ ಲಿಫ್ಟು ಅಂಗಡಿಗೆ, ಸರಿಯಾದ ಲಿಫ್ಟು ಕಳ್ಳರಿಗೆ.

ಬೆಳಗಿನಿಂದ ಹಲೋರಾಯ ಬೈದದ್ದು ಊರಿನಲ್ಲಿದ್ದ ಪ್ರಾಮಾಣಿಕರನ್ನೆಲ್ಲ ಹುಡುಕಿ ಹುಡುಕಿ.

ಯಜಮಾನರನ್ನು ಕರೆಸಿದರು. ಅವರು ರಸೀದಿ ನೋಡಿದರು, ಕಂಪ್ಯೂಟರ್ ನೋಡಿದರು, ಕೊನೆಗೆ ಹಲೋರಾಯನನ್ನು ಒಂದು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. ಬಿಡುಗಡೆಯ ದಿನವೂ ಹತ್ತೊಂಬತ್ತೇ ಪ್ರತಿ ಹೋಗಿದ್ದವು, ಇವತ್ತು ಈಕೆಯ ಮೂರನೆಯದೂ ಸೇರಿ ಮೂವತ್ತು ಹೋಗಿವೆ. ಲಿಫ್ಟು ಇನ್ನೊಂದು ವಾರ ನಿಂತಿರಲಿ. ಮೂವತ್ತು ಅಂದರೆ ಮೂವತ್ತೇ, ಮಾತು ತಪ್ಪುವವನಲ್ಲ ನಾನು, ಎಂದು ಕಾಗದ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

ಅಷ್ಟರಲ್ಲಿ ಫೋನು ಬಂತು. ಎತ್ತಿ ಎಂದು ಯಜಮಾನರೇ ಕಣ್ಸನ್ನೆ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದರು. ಮಾವ.

"ಅಳಿಯಂದ್ರೇ, ಒಂದು ವಿಷಯ ಹೇಳ್ಬೇಕು. ನಾನು ಆಡ್ತಿದ್ದದ್ದು ಕೊಂಡಿದ್ದಲ್ಲ. ಪಕ್ಕದ ಮನೆಯವರು ಪುಕ್ಕಟೆ ಹಾಕ್ಕೊಟ್ಟಿದ್ರು. ಮಧ್ಯಾಹ್ನ ನೀವು ಹೇಳಿದ ಮೇಲೆ ಊಟ ಸೇರ್ಲಿಲ್ಲ ನಂಗೆ. ಈಗ್ತಾನೆ ಅದನ್ನ ಅಳಿಸಿ, ದುಡ್ಡು ಕೊಟ್ಟು ಹೊಸದು ತಗೊಂಡೆ. ನೋಡಿದ್ರೆ ಲಿಫ್ಟು ಐದರಲ್ಲಿ ನಿಂತಿದೆ. ನಂಬಿ, ನಾನು ಕದ್ದಿಲ್ಲ."

ಪೆನ್ನು ಕಾಗದದಿಂದ ಒಂದು ಬೆರಳು ಮೇಲಿತ್ತು. ಇದು ಕದ್ದ ಪ್ರತಿ ಎಂದು ಹಲೋರಾಯ ಬೆಳಗಿನಿಂದ ಮೂವತ್ತು ಸಲ ಹೇಳಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಇನ್ನೊಂದು ಸಲ ಹೇಳಿದರೆ ಆಯಿತು, ನಾಳೆಯಿಂದ ಬೆಳಗಿನ ಆ ನೋಟವಿಲ್ಲ. ಹಾಳು ನಾಲಿಗೆ ತಿರುಗಲೇ ಇಲ್ಲ.

"ಮಾವ, ತಪ್ಪು ನಮ್ದು. ನೀವು ಆ ಕದ್ದದ್ದನ್ನೇ ಮತ್ತೆ ಹಾಕ್ಕೊಳಿ. ಅದೇ ಸರಿಯಾಗಿರೋದು."

ಯಜಮಾನರು ಪೆನ್ನಿಗೆ ಮುಚ್ಚಳ ಹಾಕಿದರು. ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಸೇರಿಸಿ, ನಾಳೆಯಿಂದ ಬರುವುದು ಬೇಡ ಎಂದು ಹೇಳಿ ಒಳಗೆ ಹೋದರು.

ಹೆಡ್‌ಮಿಸ್ಟ್ರೆಸ್ ನಿಧಾನವಾಗಿ ರಸೀದಿಗಳನ್ನು ಕೈಚೀಲಕ್ಕೆ ಹಾಕಿಕೊಂಡು ಅವನ ಕಡೆ ಬಗ್ಗಿದರು.

"ಸತ್ಯ ಹೇಳಿದ್ರಿ, ಸಂತೋಷ. ಈಗ ನಿಮ್ಮ ಮಾವನವರ ಪಕ್ಕದ ಮನೆ ಎಲ್ಲಿ ಬರುತ್ತೆ, ಸ್ವಲ್ಪ ಬರ್ಕೊಡಿ. ಮೂರು ಕೊಂಡಿದ್ದೀನಿ, ಒಂದು ಕದಿಯೋಕಾದ್ರೂ ಬಿಡಿ."