ಗಾಜಿನ ತೊಟ್ಟಿಯ ಹಂಗಾಮಿ ನೌಕರ

ಮದರಾಸಿನ ಮೌಂಟ್ ರೋಡಿನ ಆ ವಿಮಾ ಕಚೇರಿಯಲ್ಲಿ ಏನೇ ಇದ್ದರೂ ಅದು ಒಂದೋ ಆಸ್ತಿ, ಇಲ್ಲವೇ ಸಿಬ್ಬಂದಿ. ಮೂರನೆಯದಕ್ಕೆ ನಿಯಮಾವಳಿಯಲ್ಲಿ ಜಾಗವಿರಲಿಲ್ಲ. ಆದ್ದರಿಂದ 1983ರಲ್ಲಿ, ಮ್ಯಾನೇಜರ್ ಶಂಕರನಾರಾಯಣರ ರಕ್ತದೊತ್ತಡ ಇಳಿಯಲೆಂದು ಅವರ ಕೋಣೆಯೆದುರು ಮೀನಿನ ತೊಟ್ಟಿ ಇಟ್ಟಾಗ, ಅದರೊಳಗಿನ ಜರಿಗಿಡ ಯಾವ ವರ್ಗಕ್ಕೆ ಸೇರಿದ್ದು ಎಂಬ ಪ್ರಶ್ನೆ ಏಳಲೇಬೇಕಿತ್ತು, ಎದ್ದಿತು.

ಗಿಡ ತಂದವನು ಬದರಿನಾಥ. ತಿರುವಲ್ಲಿಕೇಣಿಯ ಮನೆಯಲ್ಲಿ ಮೀನು ಸಾಕಿ ಕೈ ಪಳಗಿದವನು. ಕಚೇರಿಯಲ್ಲಿ ಹಂಗಾಮಿ ಗುಮಾಸ್ತ. ಹಂಗಾಮಿ ಎಂದರೆ ಮಗಳು ಹುಟ್ಟುವ ಮುಂಚಿನಿಂದಲೂ. ಆ ಮಗಳು ಈಗ ಸ್ಕೂಲಿನಲ್ಲಿ ತಮಿಳು ಪದ್ಯ ಒಪ್ಪಿಸುತ್ತಿದ್ದಳು. ಮೂರು ತಿಂಗಳು ಎಡೆಬಿಡದೆ ದುಡಿದವರನ್ನು ಕಾಯಂ ಮಾಡಬೇಕೆಂದು ನಿಯಮವಿತ್ತು. ಹಾಗಾಗಿ ಅವಧಿ ತುಂಬುವ ದಿನ ಅವನನ್ನು ಮನೆಯಲ್ಲಿ ಕೂರಿಸಿ, ಮರುದಿನ ಹೊಸಬನಂತೆ ಬರಮಾಡಿಕೊಳ್ಳುತ್ತಿದ್ದರು. ಇದಕ್ಕೆ ‘ಬ್ರೇಕ್’ ಎಂದು ಹೆಸರು. ಪ್ರತಿ ಸಲವೂ ಶಂಕರನಾರಾಯಣರು ಕೈಕುಲುಕಿ “ಕಚೇರಿಗೆ ಸ್ವಾಗತ” ಅನ್ನುತ್ತಿದ್ದರು. ಶಾಖೆಯಲ್ಲಿ ಒಂದೇ ಒಂದು ಕಾಯಂ ಹುದ್ದೆ ಖಾಲಿಯಿತ್ತು. ಅದು ನಿನ್ನದೇ ಎಂದು ಅವರು ಹೇಳಿದ್ದನ್ನು ನೆಚ್ಚಿಕೊಂಡು ಬದರಿನಾಥ ಬೇರೆಲ್ಲೂ ಅರ್ಜಿ ಹಾಕದೆ ಕೂತಿದ್ದ.

ಗಿಡ ಕಟ್ಟಲು ಅವನು ಕಾಸಿಮೇಡಿನ ಕಡಲದಂಡೆಯಿಂದ ಒಂದು ಸೊಟ್ಟ ಕಟ್ಟಿಗೆ ಹೆಕ್ಕಿ ತಂದು, ಉಪ್ಪು ಬಿಡುವವರೆಗೆ ಕುದಿಸಿ, ನೀರಲ್ಲಿ ನೆನೆಹಾಕಿದ. ಆಡಳಿತಾಧಿಕಾರಿ ನಾಗಮಣಿಯವರು ಅದನ್ನು ತೇಲುವವರೆಗೆ ಚರಾಸ್ತಿಯೆಂದೂ ಮುಳುಗಿದ ಮೇಲೆ ಸ್ಥಿರಾಸ್ತಿಯೆಂದೂ ಪರಿಗಣಿಸಿದರು. ಇನ್ನು ಉಳಿದದ್ದು ಗಿಡ.

“ಮೇಡಂ, ಇದನ್ನ ಮರಳಲ್ಲಿ ಹೂತ್ರೆ ಕೊಳೆತುಹೋಗತ್ತೆ. ಕಟ್ಟಿಗೆಗೇ ದಾರ ಸುತ್ತಿ ಕಟ್ಟಬೇಕು. ಬೇರು ಕಚ್ಕೊಂಡ ಮೇಲೆ ದಾರ ಬಿಚ್ಚಿದ್ರಾಯ್ತು,” ಎಂದ ಬದರಿನಾಥ. ಹೆಂಡತಿಯ ಹೂ ಕಟ್ಟುವ ದಾರವನ್ನು ಜೇಬಿನಲ್ಲೇ ತಂದಿದ್ದ.

“ಗಿಡದ ಬಿಲ್ ಎಲ್ರೀ?”

“ಬಿಲ್ ಇಲ್ಲ ಮೇಡಂ. ನಮ್ಮನೆ ತೊಟ್ಟೀದೇ, ಸುಮ್ನೆ ತಂದೆ.”

“ಕೊಳ್ಳದೇ ಇರೋದು ಆಸ್ತಿ ಅಲ್ಲ. ಆಸ್ತಿ ಅಲ್ಲದ್ದು ಸಿಬ್ಬಂದಿ. ಹಂಗಾಮಿ ಅಂತ ತಗೋತೀನಿ, ನಿಮ್ಮ ಹಾಗೇ.”

ಬದರಿನಾಥನಿಗೆ ಬೇಜಾರಾಗಲಿಲ್ಲ, ಖುಷಿಯೇ ಆಯಿತು. ಕೊನೆಗೂ ಕಚೇರಿಯಲ್ಲಿ ಅವನಿಗೊಬ್ಬ ಕಿರಿಯ ಸಿಕ್ಕಿದ.

ಸುತ್ತೋಲೆ ಹೊರಟಿತು: ‘ಸದರಿ ಜರಿಗಿಡವು ಮೂರು ತಿಂಗಳಿಗೆ ಮೀರಿ ಕಟ್ಟಿಗೆಯನ್ನು ಎಡೆಬಿಡದೆ ಹಿಡಿದುಕೊಳ್ಳತಕ್ಕದ್ದಲ್ಲ. ಅವಧಿ ತುಂಬಿದ ದಿನ ಅದನ್ನು ಬಿಚ್ಚಿ, ಒಂದು ದಿನ ನೀರಿನ ಮಗ್ಗಿನಲ್ಲಿರಿಸಿ, ಮರುದಿನ ಹೊಸದಾಗಿ ಕಟ್ಟತಕ್ಕದ್ದು.’ ಬಿಚ್ಚುವ ಕೆಲಸವೂ ಬದರಿನಾಥನದೇ. ಆಗತಾನೇ ಕಚ್ಚಿಕೊಂಡ ಎಳೆಬೇರುಗಳನ್ನು ಅವನು ಒಂದೊಂದಾಗಿ ಉಗುರಿನಿಂದ ಬಿಡಿಸುತ್ತಿದ್ದ. “ತಾಳಪ್ಪ, ನಾಳೆ ಮತ್ತೆ ಕಟ್ತೀನಿ,” ಎಂದು ಮಗ್ಗಿಗೆ ಸಮಾಧಾನ ಹೇಳುತ್ತಿದ್ದ. ಊರಿಗೆ ಊರೇ ಲಾರಿ ನೀರಿಗೆ ಕಾಯುತ್ತಿದ್ದ ಆ ಬೇಸಿಗೆಯಲ್ಲಿ, ಮನೆಯ ಪಾಲಿನ ನೀರಿನಲ್ಲೇ ಒಂದು ಬಿಂದಿಗೆ ಉಳಿಸಿ ಬಸ್ಸಿನಲ್ಲಿ ಹೊತ್ತು ತಂದ.

ಹೀಗಿರುತ್ತ ಅವನಿಗೆ ಮದ್ರಾಸ್ ಐ ಎಂಬ ಕಣ್ಣಿನ ಅಂಟುಬೇನೆ ಬಂತು. ಕೆಂಪಡರಿದ ಕಣ್ಣು ಹೊತ್ತು ಒಂದು ವಾರ ಮನೆಯಲ್ಲಿ ಕೂತ. ವಾಪಸು ಬಂದಾಗ ಅವನ ಅವಧಿಯನ್ನು ಹೊಸದಾಗಿ ಎಣಿಸಿದರು. ಅದರಿಂದ ಅವನ ಬ್ರೇಕ್ ಮತ್ತು ಗಿಡದ ಬ್ರೇಕ್ ಒಂದೇ ದಿನ ಬಿದ್ದವು. ಆ ದಿನ ಬದರಿನಾಥ ಮನೆಯಲ್ಲಿ, ಬಿಚ್ಚುವವರಿಲ್ಲ. ನೀರಿಗೆ ಕೈ ಹಾಕುವುದು ತನ್ನ ಕೆಲಸವಲ್ಲವೆಂದು ಜವಾನ ಬಾಬು ಯೂನಿಯನ್ನಿನ ಹೆಸರು ಹೇಳಿದ. ಗಿಡ ಅವಧಿ ದಾಟಿತು.

ಮರುದಿನ ಎಲ್ಲರೂ ತೊಟ್ಟಿಯ ಸುತ್ತ ನೆರೆದರು. ಬದರಿನಾಥ ದಾರ ಬಿಚ್ಚಿ ಮೆಲ್ಲಗೆ ಎಳೆದು ನೋಡಿದ. ಗಿಡ ಜಗ್ಗಲಿಲ್ಲ. ಬೇರುಗಳು ಕಟ್ಟಿಗೆಯ ಸಂದುಸಂದಿಗೆ ಇಳಿದಿದ್ದವು. ಒಂದು ಕ್ಷಣ ಅವನಿಗೆ ಹೆಮ್ಮೆಯಾಯಿತು.

“ನಿಯಮ ಅಂದ್ರೆ ನಿಯಮ ಮಾರಾಯ,” ಎಂದರು ಕುಂದಾಪುರ ಕಡೆಯ ಶಂಕರನಾರಾಯಣರು. “ಬ್ರೇಕ್ ಆಗ್ಲಿಲ್ಲ. ಇದನ್ನು ಕಾಯಂ ಮಾಡದೆ ಉಪಾಯ ಇಲ್ಲ.”

“ಸಾರ್... ಇರೋದು ಒಂದೇ ಪೋಸ್ಟ್ ಅಲ್ವಾ?”

“ಹೌದು. ಪುಣ್ಯಕ್ಕೆ ಅದು ಖಾಲಿ ಇತ್ತು.”

ಬದರಿನಾಥನ ಕಣ್ಣಲ್ಲಿ ನೀರು ತುಂಬಿತು. ಮತ್ತೆ ಮದ್ರಾಸ್ ಐ ಎಂದು ಎಲ್ಲರೂ ಹಿಂದೆ ಸರಿದರು.

ರಾತ್ರಿ ಊಟಕ್ಕೆ ಬಡಿಸುತ್ತ ಹೆಂಡತಿ ತುಂಗಾ ಕೇಳಿದಳು: “ತೊಟ್ಟಿಗೆ ಒಂದು ಹಿಡಿ ಉಪ್ಪು ಹಾಕಿದ್ರೆ ಪೋಸ್ಟ್ ಖಾಲಿ ಆಗಲ್ವೇನ್ರೀ?”

“ಛೇ, ಏನೇ ಮಾತು! ಅದೀಗ ನನಗೆ ಸೀನಿಯರ್ ಕಣೇ.”

ತುಂಗಾ ಬೆಳಿಗ್ಗೆ ಎದ್ದು, ಗಿಡ ಕಾಯಂ ಆದದ್ದಕ್ಕೆ ಕಚೇರಿಯಲ್ಲಿ ಹಂಚಲು ಹಯಗ್ರೀವ ಮಾಡಿಕೊಟ್ಟಳು. ಸಿಹಿ ತಿಂದವರೆಲ್ಲ ಗಾಜಿನ ಮೇಲೆ ಬೆರಳಿನಿಂದ ತಟ್ಟಿ ಅಭಿನಂದಿಸಿದರು. ಗಿಡದ ಹಾಜರಿಯನ್ನು ದಿನಾ ಬದರಿನಾಥನೇ ಹಾಕತಕ್ಕದ್ದೆಂದು ತೀರ್ಮಾನವಾಯಿತು.

ಮುಂದಿನ ಬ್ರೇಕ್ ದಿನ ಅವನು ಲುಂಗಿಯಲ್ಲಿ ಪೇಪರ್ ಓದುತ್ತ ಕೂತಿದ್ದಾಗ ಬಾಬು ಓಡಿಬಂದ.

“ಸಾರ್, ಉಡನೇ ವಾಂಗೋ, ಬೇಗ ಬನ್ನಿ! ಗಿಡದ ಎಲೆ ಒಂದು ಹಳದಿ ಆಯ್ಡುಚ್ಚು. ಮೇಡಂ ಸಿಕ್ ಲೀವ್ ಕೊಟ್ಟಿದ್ದಾರೆ. ಅದು ಡ್ಯೂಟಿಗೆ ವಾಪಸ್ ಬರೋ ತನಕ ಆ ಜಾಗಕ್ಕೆ ಆಳು ಬೇಕಂತೆ.”

“ಕಾಯಂ ಪೋಸ್ಟಾ?”

“ಕಾಯಂ ಪೋಸ್ಟೇ ಸಾರ್. ಹಂಗಾಮಿಯಾಗಿ.”

ಬದರಿನಾಥ ಮದುವೆಮನೆಗಳಿಗೆಂದು ಎತ್ತಿಟ್ಟಿದ್ದ ಶರ್ಟು ತೊಟ್ಟು ಹೊರಟ. ಶಂಕರನಾರಾಯಣರು ಕೈಕುಲುಕಿ “ಕಚೇರಿಗೆ ಸ್ವಾಗತ” ಎಂದರು. ಅವನು ತೋಳು ಮಡಿಸಿ ತೊಟ್ಟಿಯ ಗಾಜು ಒರೆಸಿದ, ನೀರು ಬದಲಿಸಿದ, ಮೀನಿಗೆ ಕಾಳು ಹಾಕಿದ. ಆ ಹಳದಿ ಎಲೆಯನ್ನು ಚಿವುಟಿ ಎಸೆದರೆ ಗಿಡ ಅಂದೇ ಡ್ಯೂಟಿಗೆ ಯೋಗ್ಯವಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹಂಗಾಮಿ ನೌಕರನಾದವನು ಕಾಯಂ ನೌಕರರ ಮೈಮುಟ್ಟುವುದು ಶಿಸ್ತಲ್ಲ ಎಂದ. ನಾಗಮಣಿಯವರು ನಿಯಮಾವಳಿ ತಿರುವಿ, ಹೌದು, ಶಿಸ್ತಲ್ಲ ಎಂದು ಒಪ್ಪಿ ಗಿಡದ ರಜೆಯನ್ನು ಮುಂದುವರಿಸಿದರು.