ಶರಣಪ್ಪನ ಬಲಗೈ ಮತ್ತು ನಮ್ಮ ಅಲಮಾರಿ

ಭಾರ ಎತ್ತುವುದು ನನ್ನಿಂದ ಆಗದ ಕೆಲಸ. ಆದರೆ ಎತ್ತುವವರ ಹಿಂದೆ ನಿಂತು ‘ಆ ಕಡೆ ಹಿಡಿ, ಈ ಕಡೆ ತಿರುಗಿಸು, ಗೋಡೆ ಜ್ವಾಕಿ’ ಎಂದು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಕಲಬುರಗಿಯಲ್ಲಿ ಇನ್ನೂ ಹುಟ್ಟಿಲ್ಲ. ಕಚೇರಿಯ ಕ್ರಿಕೆಟ್ ತಂಡಕ್ಕೆ ನನ್ನನ್ನು ಕ್ಯಾಪ್ಟನ್ ಮಾಡಿದ್ದೂ ಇದೇ ಅರ್ಹತೆಯ ಮೇಲೆ ಇರಬೇಕು. ಬ್ಯಾಟು ಹಿಡಿದರೆ ಪ್ಯಾಡಿನ ಪಟ್ಟಿ ಕಟ್ಟಿಕೊಂಡಷ್ಟು ಹೊತ್ತು ಕೂಡ ಒಳಗೆ ನಿಲ್ಲುತ್ತಿರಲಿಲ್ಲ. ನಾನು ಎಸೆದ ಚೆಂಡು ದಾರಿಯಲ್ಲಿ ಎಲ್ಲಾದರೂ ಕೂತು ಚಹಾ ಕುಡಿದು ಹೋಗುತ್ತದೆ ಎಂದು ನಮ್ಮ ಜೀಪಿನ ಡ್ರೈವರ್ ಖಾಜಾಭಾಯಿ ಹೇಳುತ್ತಿದ್ದ. ಅವನು ನಮ್ಮ ವಿಕೆಟ್ ಕೀಪರ್, ಆದ್ದರಿಂದ ಅವನಿಗೆ ಗೊತ್ತಿರಲೇಬೇಕು.

ನಿಜ ಹೇಳಬೇಕೆಂದರೆ ನಮ್ಮದು ತಂಡವೇ ಅಲ್ಲ. ಶರಣಪ್ಪ ಮತ್ತು ಅವನ ಹಿಂದೆ ಚೆಂಡು ಹೆಕ್ಕುವ ಹತ್ತು ಜನ, ಅಷ್ಟೇ. ಶರಣಪ್ಪ ಮಹಾಗಾಂವದಿಂದ ದಿನಾ ಬಸ್ಸಿಗೆ ಬರುತ್ತಿದ್ದ ದಿನಗೂಲಿ ಜವಾನ. ಆರು ವರ್ಷದಿಂದ ದಿನಗೂಲಿಯೇ. ಅವನು ಬೌಲಿಂಗಿಗೆ ಓಡಿ ಬರುವುದನ್ನು ಕಂಡರೆ ಎದುರಿನ ಬ್ಯಾಟುಗಾರರಿಗೆ ಮನೆಯ ನೆನಪಾಗುತ್ತಿತ್ತು. ನಮ್ಮ ಸಾಹೇಬರಿಗೆ ಆಟದ ಹುಚ್ಚು. ಆ ವರ್ಷ ಎಲ್ಲರ ಎದುರಿಗೇ ಅವರು ಹೇಳಿದ್ದರು: “ಶರಣಪ್ಪಾ, ಕಮಲಾಪುರದ ಕಪ್ ಗೆಲ್ಲಿಸಿಕೊಡು. ನಿನ್ನ ಕಾಯಂ ಕಾಗದ ನಾನೇ ಮ್ಯಾಲೆ ಕಳಿಸ್ತೀನಿ.” ಶರಣಪ್ಪ ಅಂದು ಕಚೇರಿಗೆಲ್ಲ ಪೇಢೆ ಹಂಚಿದ. ಕಾಗದ ಬರಲಿ ತಡಿಯೋ ಎಂದರೆ, “ಸಾಹೇಬ್ರು ಬಾಯಿ ಬಿಟ್ಟು ಹೇಳ್ಯಾರಲ್ರೀ ಸರ, ಮುಗೀತು” ಎಂದ.

ಪಂದ್ಯಕ್ಕೆ ಎಂಟು ದಿನ ಇದೆ ಎನ್ನುವಾಗ ನಾವು ಊರೊಳಗೇ ಗಾಜಿಪುರ ಓಣಿಯ ಹೊಸ ಬಾಡಿಗೆ ಮನೆಗೆ ಬಂದೆವು. ಮನೆ ಮೇಲಿನ ಮಾಳಿಗೆಯಲ್ಲಿ, ಮೆಟ್ಟಿಲು ಮಾತ್ರ ಒಬ್ಬ ಬಡಕಲು ಮನುಷ್ಯನ ಅಳತೆಗೆ ಕಟ್ಟಿದ್ದು. ನಮ್ಮದೋ ಮಾವನವರು ಕೊಟ್ಟ ಉಕ್ಕಿನ ಅಲಮಾರಿ. ದಿನಗೂಲಿಗಳನ್ನು ಮನೆಗೆಲಸಕ್ಕೆ ಕರೆಯಕೂಡದೆಂದು ಸಾಹೇಬರು ಆಗಷ್ಟೇ ಆದೇಶ ಹೊರಡಿಸಿದ್ದರು. ಅದನ್ನು ಟೈಪು ಮಾಡಿ ಬೋರ್ಡಿಗೆ ಅಂಟಿಸಿದವನು ನಾನೇ. ಆದರೂ ರವಿವಾರ ಶರಣಪ್ಪನನ್ನು ಕರೆದೆ. ‘ಸುಮ್ಮನೆ ಚಹಾಕ್ಕೆ ಬಾ’ ಎಂದಿದ್ದೆ. ಯಾವ ಚಹಾ ಎಂದು ಅವನಿಗೂ ಗೊತ್ತಿತ್ತು.

ಒಬ್ಬ ಹಮಾಲ ಮೇಲೆ, ಶರಣಪ್ಪ ಕೆಳಗೆ. ಅಲಮಾರಿ ತಿರುವಿನಲ್ಲಿ ಸಿಕ್ಕಿಕೊಂಡಿತು. ನಾನು ನನ್ನ ವಿದ್ಯೆ ತೋರಿಸಬೇಕಲ್ಲ! “ಮ್ಯಾಲಿನವ ಸ್ವಲ್ಪ ಕೈ ಬಿಡು, ತಾನೇ ತಿರಗತದ” ಎಂದೆ. ಅವನು ಬಿಟ್ಟ. ಅಲಮಾರಿ ತಿರುಗಲಿಲ್ಲ, ಶರಣಪ್ಪನ ಬಲಭುಜದ ಮೇಲೆ ಕೂತಿತು. ನನ್ನ ಹೆಂಡತಿ ಅವನ ಮುಖ ನೋಡಿ, “ಅಗಬಾಯಿ! ಏನ್ ಮಾಡಿದ್ರಿ ಇದು?” ಎಂದು ಕೂಗಿದಳು. ನಾನು ಮೊದಲು ನೋಡಿದ್ದು ಅಲಮಾರಿಯ ಕನ್ನಡಿಯನ್ನು. ನಾಚಿಕೆಗೇಡು, ಆದರೆ ನೋಡಿದ್ದು ನಿಜ.

ಸೋಮವಾರ ಕಚೇರಿಯಲ್ಲಿ, ಶರಣಪ್ಪ ಮಹಾಗಾಂವ ಕ್ರಾಸಿನಲ್ಲಿ ಬಸ್ಸಿನಿಂದ ಬಿದ್ದ ಎಂದು ನಾನೇ ಮೊದಲು ಹೇಳಿದೆ. ಅವನು ನನ್ನ ಮುಖ ನೋಡಿ, “ಹೌದ್ರೀ, ಬಿದ್ದೆ” ಎಂದ. ತಂಡಕ್ಕೆ ಸೂತಕ ಬಡಿಯಿತು. ಸಾಹೇಬರಿಗೆ ತಿಳಿದರೆ ಬೇರೆ ಊರಿನ ಬೌಲರನನ್ನು ತಂದಾರು, ಇವನ ಕಾಗದ ಅಲ್ಲಿಗೇ ನಿಂತೀತು ಎಂದು ಅವರಿಂದ ಮುಚ್ಚಿಟ್ಟೆವು. ಉಪಾಯ ಹೊಳೆದದ್ದು ಖಾಜಾಭಾಯಿಗೆ: “ಅರೆ, ಬಾಲ್ ಯಾಕ ಹಾಕಬೇಕ್ರೀ? ಅಂವ ಬರೀ ನಿಂತ್ರ ಬಸ್. ನೋಡೇ ಹೆದರತಾರ.”

ಹಾಗಾಗಿ ಕಮಲಾಪುರದ ಆ ರಣಬಿಸಿಲಿನಲ್ಲಿ, ನನ್ನ ಹೆಂಡತಿ ನನಗೆಂದು ಹೆಣೆದ ಉಣ್ಣೆಯ ಸ್ವೆಟರು ಹಾಕಿಕೊಂಡು ಶರಣಪ್ಪ ಮೈದಾನದಲ್ಲಿ ನಿಂತ. ಭುಜಕ್ಕೆ ಸುತ್ತಿದ ಬ್ಯಾಂಡೇಜು ಕಾಣಬಾರದಲ್ಲ! ಕೇಳಿದವರಿಗೆ ಖಾಜಾಭಾಯಿ, “ಭುಜ ಬಿಸಿ ಮಾಡ್ಕೊಳ್ಳಾಕತ್ತಾನ” ಎಂದ. ಪ್ರತಿ ಓವರಿಗೂ ಶರಣಪ್ಪ ಎಡಗೈಯಲ್ಲಿ ಚೆಂಡು ಇಸಕೊಂಡು, ಪ್ಯಾಂಟಿಗೆ ತಿಕ್ಕಿ, ಬೇರೆಯವರಿಗೆ ಕೊಡುವನು. ಇವನು ಬೌಲಿಂಗಿಗೆ ಬರುವುದರೊಳಗೆ ರನ್ ದೋಚಿಕೊಳ್ಳೋಣ ಎಂದು ಕಮಲಾಪುರದವರು ಕಂಡ ಚೆಂಡಿಗೆಲ್ಲ ಬ್ಯಾಟು ಬೀಸಿದರು, ಬೀಸಿ ಬೀಸಿ ಔಟಾದರು. ನನ್ನ ಚಹಾ ಕುಡಿದು ಹೋಗುವ ಚೆಂಡಿಗೇ ನಾಲ್ಕು ಜನ! ಬಾನು ಕೆಂಪಾಗುವ ಮೊದಲೇ ಗೆದ್ದೆವು. ಬೆವರಿನಲ್ಲಿ ತೊಯ್ದುಹೋಗಿದ್ದ ಶರಣಪ್ಪ ಎಲ್ಲರಿಗಿಂತ ಜೋರಾಗಿ ಕೂಗಿದ.

ಸಾಹೇಬರು ಜೀಪಿನಿಂದ ಇಳಿದು ಸ್ಕೋರಿನ ಪುಸ್ತಕ ತರಿಸಿ ನೋಡಿದರು. “ಇದೇನ್ರೀ ಜೋಶಿ, ಶರಣಪ್ಪ ಒಂದು ಓವರ್ ಸುದ್ದಾ ಹಾಕಿಲ್ಲ?” ಎಂದು ನನ್ನನ್ನು ಕೇಳಿದರು. ಅವರು ನಕ್ಕರು. “ಅಂದ್ರ ಇವನಿಲ್ಲದೇನೂ ಗೆಲ್ತೀರಿ. ಭಲೇ! ಮತ್ತ ಇವನ ಕಾಗದದ ಗಡಿಬಿಡಿ ಏನದ?”

ಆಗ ಬಾಯಿ ಬಿಡಬೇಕಿತ್ತು. ಗೆದ್ದದ್ದೇ ಇವನಿಂದ ಎಂದರೆ ಸ್ವೆಟರು ಬಿಚ್ಚಬೇಕು. ಸ್ವೆಟರು ಬಿಚ್ಚಿದರೆ ಯಾವ ಬಸ್ಸು, ಯಾರು ನೋಡಿದರು ಎಂಬ ವಿಚಾರಣೆ. ವಿಚಾರಣೆ ಸೀದಾ ಬಂದು ನಿಲ್ಲುವುದು ನಮ್ಮ ಮೆಟ್ಟಿಲಿಗೆ, ನಾನೇ ಟೈಪು ಮಾಡಿದ ಆದೇಶಕ್ಕೆ. ಶರಣಪ್ಪ ನನ್ನನ್ನೇ ನೋಡುತ್ತಿದ್ದ. ನಾನು ಕೆಮ್ಮಿದೆ. ಉತ್ತಮ ಬೌಲರ್ ಎಂದು ನನಗೆ ಸ್ಟೀಲಿನ ಟಿಫನ್ ಡಬ್ಬಿ ಕೊಟ್ಟರು, ಥೂ, ಅದನ್ನೂ ಇಸಕೊಂಡೆ. ಶರಣಪ್ಪನ ಭುಜ ಸರಿಹೋಗಲಿಲ್ಲ. ಫೈಲಿನ ಗಂಟು ಹೊರಲಾಗದ ದಿನಗೂಲಿ ಕಚೇರಿಗೆ ಯಾಕೆ? ಮಳೆಗಾಲಕ್ಕೆ ಮೊದಲೇ ಅವನನ್ನು ಬಿಡಿಸಿದರು.

ಏಳೆಂಟು ವರ್ಷವಾದ ಮೇಲೆ ಕಮಲಾಪುರದ ಸಂತೆಯಲ್ಲಿ ಸಿಕ್ಕ. ಕೆಂಪು ಬಾಳೆಹಣ್ಣು ಮಾರುತ್ತಿದ್ದ. ನಾನು ತಪ್ಪಿಸಿಕೊಳ್ಳುವ ಮೊದಲೇ “ಸರ!” ಎಂದು ಕರೆದು ಒಂದು ಚಿಪ್ಪು ಹಣ್ಣು ಮುಂದೆ ಹಿಡಿದ. “ಎಡಗೈಲೆ ಕೊಡಾಕತ್ತೀನಿ, ತಪ್ಪು ತಿಳಕೋಬ್ಯಾಡ್ರಿ. ಇನ್ನೊಂದು ಏಳಂಗಿಲ್ಲ.” ಆಮೇಲೆ ಕೇಳಿದ: “ಅಲಮಾರಿ ಹ್ಯಾಂಗದರೀ?”

“ಚಲೋ ಅದ” ಎಂದೆ.

“ಆ ಮನಿ ಬಿಡೂದಿದ್ರ ಒಂದ್ ಮಾತು ಹೇಳಿ ಕಳಸ್ರಿ. ಇಳಸಾಕ ಬರ್ತೀನಿ. ಆ ತಿರುವು ನನಗ ಗೊತ್ತದ.”

ಚುಚ್ಚಿದನೋ, ಪ್ರೀತಿಯಿಂದ ಹೇಳಿದನೋ ಇವತ್ತಿಗೂ ತಿಳಿದಿಲ್ಲ. ಮನೆ ಬದಲಿಸೋಣ ಎಂದು ಹೆಂಡತಿ ವರ್ಷದಿಂದ ಜೀವ ತಿನ್ನುತ್ತಿದ್ದಾಳೆ. ಅಲಮಾರಿ ಇಳಿಸಲು ಜನ ಸಿಗುವುದಿಲ್ಲ ಎಂದು ಮುಂದೂಡುತ್ತಿದ್ದೇನೆ. ಹೇಳಿ ಕಳಿಸಿದರೆ ಶರಣಪ್ಪ ಬಂದೇ ಬರುತ್ತಾನೆ. ಬಂದರೆ ನಾನು ಬೇಡ ಎನ್ನುವುದಿಲ್ಲ. ಹಿಂದೆ ನಿಂತು ‘ಗೋಡೆ ಜ್ವಾಕಿ’ ಎನ್ನುತ್ತೇನೆ.